ಕೂಸಿನ ಕಿವಿಗೆ ಯಾವ ಟಿಪ್? ಶ್ರವಣ ಪರೀಕ್ಷೆಗೆ ಮುಂಚೆ ಪ್ರೋಬ್ ಸರಿಯಾಗಿ ಕೂತಿದೆಯಾ ನೋಡುವುದು

ಕೂಸು ಮಲಗಿದೆ. ತಾಯಿ ಉಸಿರು ಬಿಗಿಹಿಡಿದು ಕೂತಿದ್ದಾಳೆ. ಮಷಿನ್ ಪರದೆ ಮೇಲೆ 'ರೆಫರ್' ಅಂತ ಬಂತು, ಅಂದರೆ ಪಾಸ್ ಆಗಿಲ್ಲ, ಮುಂದಿನ ಪರೀಕ್ಷೆಗೆ ಕಳಿಸಿ ಅಂತ. ಹೊಸದಾಗಿ ಕೆಲಸಕ್ಕೆ ಸೇರಿದವರು ಆಗ ಏನು ಮಾಡುತ್ತಾರೆ ಗೊತ್ತಾ? ಕಿವಿಗೆ ಇಡುವ ಪ್ರೋಬಿನ ತುದಿಗೆ ಒಂದು ಮೆತ್ತಗಿನ ತೊಡಿಗೆ ಇರುತ್ತದೆ, ಅದೇ ಟಿಪ್. ಅದನ್ನು ಹಾಗೇ ಇಟ್ಟುಕೊಂಡು ಇನ್ನೊಮ್ಮೆ ಬಟನ್ ಒತ್ತುತ್ತಾರೆ. ಮತ್ತೆ ರೆಫರ್. ಮತ್ತೆ ಬಟನ್. ಶುರುವಿನಲ್ಲಿ ನಾನೂ ಇದನ್ನೇ ಮಾಡುತ್ತಿದ್ದೆ.

ಬುದ್ಧಿ ಬಂದದ್ದು ಸುರಪುರದ ಕಡೆ ಒಂದು ಕ್ಯಾಂಪ್ ಮಾಡಿದ ಮೇಲೆ. ಇಪ್ಪತ್ತು ದಿನದ ಕೂಸು, ಎರಡೂ ಕಿವಿ ರೆಫರ್. ಚೀಟಿ ಬರೆದು ಕಲಬುರಗಿಗೆ ಬರಲು ಹೇಳಿದೆ. ಬಾಣಂತಿ, ಅವಳ ತಾಯಿ, ಕೂಸಿನ ಸೋದರಮಾವ, ಮೂವರೂ ನಸುಕಿನ ಬಸ್ಸು ಹಿಡಿದು ಬಂದರು. ಪರೀಕ್ಷೆ ಮಾಡಿದವನು ನಾನೇ. ಈ ಸಲ ಕಿವಿ ಬಾಯಿಯ ಎಣ್ಣೆ ಒರೆಸಿ, 4 ಮಿಲಿಮೀಟರ್ ಟಿಪ್ ಬಿಟ್ಟು 5ರದ್ದು ಹಾಕಿದೆ. ಒಂದೊಂದು ಕಿವಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಎರಡೂ ಪಾಸ್. ಅಜ್ಜಿ ಖುಷಿಪಟ್ಟರು, ಆದರೆ ಹೊರಡುವಾಗ ಒಂದು ಮಾತು ಹೇಳಿದರು: "ಅಲ್ಲೇ ಚಂದಗ ನೋಡಿದ್ರ ನಮ್ಮ ಎರಡ ದಿನದ ಕೂಲಿ ಉಳೀತಿತ್ತಲ್ರೀ." ಏನು ಉತ್ತರ ಕೊಡಲಿ? ಕೂಸಿನ ಕಿವಿ ಸರಿಯಿತ್ತು. ನನ್ನ ಟಿಪ್ ಸರಿಯಿರಲಿಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ತಾಲೂಕು ಆಸ್ಪತ್ರೆಗಳಲ್ಲಿ ಓಎಇ (ಒಟೊಅಕೌಸ್ಟಿಕ್ ಎಮಿಷನ್, ಅಂದರೆ ಒಳಗಿವಿಯ ಮರುದನಿ) ಮಷಿನ್ ಹಿಡಿದು ಕೂತವರಿಗೆ ಇದು ಕೆಲಸಕ್ಕೆ ಬರುತ್ತದೆ. ಪಕ್ಕದಲ್ಲಿ ನಿಂತು ನೋಡುವ ಅಪ್ಪ ಅಮ್ಮಂದಿರೂ ಓದಿದರೆ ಒಳ್ಳೆಯದೇ.

ಕುಕ್ಕರ್ ಗ್ಯಾಸ್ಕೆಟ್ ಲೆಕ್ಕ

ಒಳಗಿವಿಯಲ್ಲಿ ಕಾಕ್ಲಿಯಾ ಅಂತ ಬಸವನಹುಳುವಿನ ಚಿಪ್ಪಿನಂಥ ಭಾಗ ಇದೆ. ಅದರಲ್ಲಿನ ಕೂದಲು ಕೋಶಗಳು ಶಬ್ದ ಕೇಳಿದಾಗ ತಾವೂ ಸಣ್ಣದಾಗಿ ಒಂದು ಶಬ್ದ ಹೊರಗೆ ಕಳಿಸುತ್ತವೆ. 1978ರಲ್ಲಿ ಡೇವಿಡ್ ಕೆಂಪ್ ಎಂಬ ಬ್ರಿಟಿಷ್ ವಿಜ್ಞಾನಿ ಇದನ್ನು ತೋರಿಸಿಕೊಟ್ಟರು. ಓಎಇ ಪರೀಕ್ಷೆ ನಡೆಯುವುದೇ ಇದರ ಮೇಲೆ. ಪ್ರೋಬಿನ ತಲೆಯಲ್ಲಿ ಸಣ್ಣ ಸ್ಪೀಕರ್ ಇದೆ, ಸಣ್ಣ ಮೈಕೂ ಇದೆ. ಸ್ಪೀಕರ್ ಶಬ್ದ ಹಾಕುತ್ತದೆ, ಮೈಕು ಮರುದನಿಗೆ ಕಾಯುತ್ತದೆ. ಆ ಮರುದನಿ ಎಷ್ಟು ಸಣ್ಣದು ಅಂದರೆ ಪಕ್ಕದಲ್ಲಿ ಯಾರಾದರೂ ಸೆರಗು ಸರಿಮಾಡಿಕೊಂಡರೂ ಅದು ಮುಳುಗಿಹೋಗುತ್ತದೆ.

ಈಗ ಕುಕ್ಕರ್ ನೆನಪಿಸಿಕೊಳ್ಳಿ. ಗ್ಯಾಸ್ಕೆಟ್ ಸಡಿಲ ಇದ್ದರೆ ಬೇಳೆ ಎಷ್ಟೇ ಒಳ್ಳೆಯದಿರಲಿ, ಸೀಟಿ ಬರಲ್ಲ. ಹವಾ ಪಕ್ಕದಿಂದ ಹೋಗುತ್ತಿರುತ್ತದೆ. ಟಿಪ್ ಕೂಡ ಹಾಗೇ. ಸಂದಿ ಉಳಿದರೆ ಎರಡು ನಷ್ಟ. ನಾವು ಹಾಕಿದ ಶಬ್ದ ಹೊರಗೆ ಸೋರುತ್ತದೆ, ಅದರಲ್ಲೂ ದಪ್ಪ ದನಿಯ ಶಬ್ದ, ಅಂದರೆ ಕಡಿಮೆ ಫ್ರೀಕ್ವೆನ್ಸಿಯದು, ಮೊದಲು ಸೋರುತ್ತದೆ. ಹೊರಗಿನ ಗದ್ದಲ ಅದೇ ಸಂದಿಯಿಂದ ಒಳಗೆ ಬರುತ್ತದೆ. ಮಷಿನ್‌ಗೆ ಸಂದಿ ಬೇರೆ, ಕಿವುಡು ಬೇರೆ ಅಂತ ಗೊತ್ತಾಗಲ್ಲ. ಎರಡಕ್ಕೂ ಅದು ಹೇಳುವುದು ರೆಫರ್ ಅಂತಲೇ.

ಕೊಡೆ, ಮೆಟ್ಟಿಲು, ಫೋಮ್

ಡಬ್ಬಿ ತೆಗೆದರೆ ಮುಖ್ಯವಾಗಿ ಮೂರು ಥರದ ಟಿಪ್ ಸಿಗುತ್ತವೆ. ಬಣ್ಣ ನೋಡಿ ನೆನಪಿಟ್ಟುಕೊಳ್ಳಬೇಡಿ. ಒಂದು ಕಂಪನಿಯ ಹಳದಿ ಇನ್ನೊಂದು ಕಂಪನಿಯ ಹಸಿರಿನಷ್ಟು ಇರಬಹುದು. ಮಿಲಿಮೀಟರ್ ಅಳತೆಯೇ ನಂಬಿಕೆಯದು.

ಮೊದಲನೆಯದು ಸಿಲಿಕಾನ್ ಕೊಡೆ. ನೋಡಲು ಅಣಬೆಯ ಹಾಗಿರುತ್ತದೆ. ಮೆತ್ತಗಿನ ಒಂದೇ ಅಂಚು, ಕಿವಿಯ ಬಾಯಿಗೆ ಹೊಂದಿಕೊಂಡು ಕೂರುತ್ತದೆ. ತಿಂಗಳು ತುಂಬಿದ ಕೂಸು, ಶಾಲೆ ಮಕ್ಕಳು, ಗಡಿಬಿಡಿಯ ಕ್ಯಾಂಪ್, ಎಲ್ಲಕ್ಕೂ ನನ್ನ ಮೊದಲ ಆಯ್ಕೆ ಇದೇ. ಹಾಕುವುದೂ ತೆಗೆಯುವುದೂ ಬೇಗ. ದೋಷ ಒಂದೇ. ಕಿವಿ ಸ್ವಲ್ಪ ಎಣ್ಣೆಯಾಗಿದ್ದರೂ ಸರ್ರನೆ ಜಾರುತ್ತದೆ.

ಎರಡನೆಯದು ಮೆಟ್ಟಿಲು ಟಿಪ್. ಒಂದರ ಮೇಲೊಂದು ಎರಡು ಮೂರು ಕೊಡೆ, ಮೇಲಿನದು ಚಿಕ್ಕದು, ಕೆಳಗಿನದು ದೊಡ್ಡದು. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ಕಿವಿರಂಧ್ರ ಹುಣಸೆ ಬೀಜವೂ ಹಿಡಿಯದಷ್ಟು ಸಣ್ಣದು. ಅಲ್ಲಿ ಇದಕ್ಕೆ ಸಾಟಿ ಇಲ್ಲ. ಯಾವುದೋ ಒಂದು ಮೆಟ್ಟಿಲು ರಂಧ್ರದ ಅಳತೆಗೆ ಸರಿಹೊಂದುತ್ತದೆ. ಆದರೆ ಆ 'ಯಾವುದೋ ಒಂದು' ಯಾವುದು ಅಂತ ಕಣ್ಣಿಗೆ ಕಾಣಲ್ಲ, ಮೋಸ ಹೋಗುವುದೂ ಅಲ್ಲೇ. ಮೇಲಿನ ಮೆಟ್ಟಿಲು ಮಾತ್ರ ಒಳಗೆ ಹೋಗಿ, ಉಳಿದದ್ದು ಹೊರಗೆ ನಿಂತರೂ ನೋಡಲು ಚಂದವಾಗಿ ಕೂತ ಹಾಗೇ ಕಾಣುತ್ತದೆ. ಒಂದು ಸಣ್ಣ ಅಲುಗಾಟಕ್ಕೆ ಹೊರಗೆ ಬರುತ್ತದೆ. ಇನ್ನೊಂದು ಮಾತು, ಜೋರಾಗಿ ಒತ್ತಲು ಹೋಗಬೇಡಿ. ಹಸಿಗೂಸಿನ ಕಿವಿರಂಧ್ರದ ಗೋಡೆ ಇನ್ನೂ ಮೂಳೆಯಾಗಿರಲ್ಲ, ಮೆದುವಾಗಿರುತ್ತದೆ. ಟಿಪ್ಪಿನ ಬಾಯಿ ಗೋಡೆಗೆ ಒತ್ತಿಕೊಂಡು ಮುಚ್ಚಿಹೋಗುತ್ತದೆ.

ಮೂರನೆಯದು ಫೋಮ್. ಬೆರಳಲ್ಲಿ ತೆಳ್ಳಗೆ ಹೊಸೆದು ಒಳಗೆ ಬಿಟ್ಟು, ಅರಳುವ ತನಕ ಅರ್ಧ ನಿಮಿಷ ಕಾಯಬೇಕು. ಸೀಲ್ ವಿಷಯದಲ್ಲಿ ಇದನ್ನು ಮೀರಿಸಿದ್ದಿಲ್ಲ. ರಂಧ್ರ ಓರೆಯಿರಲಿ, ಅಂಡಾಕಾರ ಇರಲಿ, ಅರಳಿ ತುಂಬಿಕೊಳ್ಳುತ್ತದೆ. ಹೊರಗಿನ ಗದ್ದಲವನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಒಬ್ಬರಿಗೆ ಹಾಕಿದ್ದು ಇನ್ನೊಬ್ಬರಿಗೆ ಹಾಕುವ ಹಾಗಿಲ್ಲ, ತೊಳೆಯಲು ಬರಲ್ಲ. ದಿನಕ್ಕೆ ನಲವತ್ತು ಕೂಸು ನೋಡುವ ಕಡೆ ಖರ್ಚು ಜಾಸ್ತಿ. ಮೇಲಾಗಿ ಆ ಅರ್ಧ ನಿಮಿಷದಲ್ಲಿ ಕೂಸು ಎದ್ದಿರುತ್ತದೆ! ನಾನು ಫೋಮ್ ಇಟ್ಟುಕೊಳ್ಳುವುದು ದೊಡ್ಡವರಿಗೆ, ಮತ್ತೆ ಸಿಲಿಕಾನ್ ಎರಡು ಸಲ ಕೈಕೊಟ್ಟ ಮಗುವಿಗೆ.

ಸಿಲಿಕಾನ್ ಟಿಪ್ಪುಗಳಲ್ಲೂ ಒಂದೇ ಸಲ ಬಳಸುವಂಥವು ಇವೆ. ಪ್ಯಾಕೆಟ್ ಮೇಲೆ ಏನು ಬರೆದಿದೆಯೋ ಅದೇ ಕಟ್ಟಳೆ. ಉಳಿತಾಯ ಅಂತ ಸ್ಪಿರಿಟ್‌ನಲ್ಲಿ ಅದ್ದಿ ಅದ್ದಿ ಬಳಸಿದರೆ ಅಂಚು ಗಟ್ಟಿಯಾಗುತ್ತದೆ. ಗಟ್ಟಿಯಾದ ಅಂಚು ಸೀಲ್ ಕೊಡಲ್ಲ.

ಸಣ್ಣದೋ ದೊಡ್ಡದೋ ಅಂತ ಅನುಮಾನ ಬಂದರೆ

ದೊಡ್ಡದು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಹೊಸಬರ ಕೈ ಯಾವಾಗಲೂ ಸಣ್ಣ ಟಿಪ್ ಕಡೆಗೇ ಹೋಗುತ್ತದೆ. ಕೂಸಿಗೆ ನೋವಾದೀತು ಅನ್ನುವ ಹೆದರಿಕೆ. ಆದರೆ ಸಣ್ಣ ಟಿಪ್ ಒಳಗೆ ತೂರಿ, ನಿಲ್ಲದೆ, ಗೋಡೆಗೆ ತಾಗಿ, ಕೊನೆಗೆ ನಾವೇ ಬೆರಳಲ್ಲಿ ಒತ್ತಿ ಹಿಡಿಯುವಂತಾಗುತ್ತದೆ. ನೋವು ಆಗುವುದು ಆಗಲೇ. ಕಿವಿಬಾಯಿಗಿಂತ ಒಂದು ಕೂದಲೆಳೆ ದೊಡ್ಡದು ಅನ್ನಿಸುವ ಟಿಪ್ ತೆಗೆದುಕೊಂಡು, ಮೆಲ್ಲಗೆ ತಿರುಗಿಸುತ್ತಾ ಕೂರಿಸಿದರೆ ಅದು ತಾನಾಗಿ ನಿಲ್ಲುತ್ತದೆ. ಮೊದಲು ಕಿವಿ ನೋಡಿ, ಆಮೇಲೆ ಡಬ್ಬಿಗೆ ಕೈ ಹಾಕಿ. ಒಂದೇ ಕೂಸಿನ ಎಡಗಿವಿ ಬಲಗಿವಿ ಬೇರೆ ಬೇರೆ ಅಳತೆ ಕೇಳುವುದೂ ಉಂಟು.

ಕಿವಿ ಎಳೆಯುವ ದಿಕ್ಕೂ ಮುಖ್ಯ. ದೊಡ್ಡವರಿಗೆ ಮೇಲಕ್ಕೆ ಮತ್ತು ಹಿಂದಕ್ಕೆ. ಹಸಿಗೂಸಿಗೆ ಕೆಳಕ್ಕೆ ಮತ್ತು ಹಿಂದಕ್ಕೆ. ಹೀಗೆ ಎಳೆದರೆ ರಂಧ್ರ ನೆಟ್ಟಗಾಗುತ್ತದೆ. ಟಿಪ್ ಕೂತ ಮೇಲೆ ಕಿವಿ ಮೆಲ್ಲಗೆ ಬಿಡಿ.

ಇನ್ನೊಂದು ವಿಷಯ ತುಂಬಾ ಜನ ಮರೆಯುತ್ತಾರೆ. ಟಿಪ್ ಕಿವಿಯಲ್ಲಿ ಕೂರುವುದಕ್ಕೆ ಮುಂಚೆ ಪ್ರೋಬಿನ ಮೇಲೆ ಕೂರಬೇಕು. ಪೂರ್ತಿ ಬುಡದ ತನಕ ತಳ್ಳಬೇಕು. ಅರ್ಧಕ್ಕೆ ನಿಂತರೆ ಟಿಪ್ಪಿನ ಒಳಗೇ ಒಂದು ಸಂದಿ ಇರುತ್ತದೆ. ಆಮೇಲೆ ನೀವು ಕಿವಿಯಲ್ಲಿ ಎಷ್ಟು ಹುಡುಕಿದರೂ ಲೀಕ್ ಸಿಗಲ್ಲ.

ಕೂತಿದೆ ಅಂತ ಹೇಳುವವರು ಯಾರು?

ಕೈ, ಹಸಿರು ದೀಪ, ಗ್ರಾಫ್. ಮೂರರಲ್ಲಿ ಯಾವುದನ್ನು ನಂಬಬೇಕು?

ಕೈ ಪರೀಕ್ಷೆ ಸುಲಭ. ಪ್ರೋಬ್ ಬಿಟ್ಟು ಕೈ ಹಿಂದಕ್ಕೆ ತೆಗೆಯಿರಿ. ಬೀಳಲಿಲ್ಲವಾ? ವೈರನ್ನು ಒಂದು ಚೂರು ಎಳೆಯಿರಿ. ಪ್ರೋಬ್ ಜೊತೆಗೆ ಕಿವಿಯೂ ಅಲುಗಿದರೆ ಹಿಡಿತ ಇದೆ. ಪ್ರೋಬ್ ಒಂದೇ ಅಲುಗಿದರೆ ಇಲ್ಲ. ಇದು ಬೇಕೇ ಬೇಕು, ಆದರೆ ಇಷ್ಟೇ ಸಾಲದು. ರಂಧ್ರದ ಗೋಡೆಗೆ ಬಾಯಿ ಒತ್ತಿಕೊಂಡ ಟಿಪ್ ಕೂಡ ಗಟ್ಟಿಯಾಗೇ ನಿಂತಿರುತ್ತದೆ.

ಕೈಯಲ್ಲಿ ಹಿಡಿಯುವ ಸ್ಕ್ರೀನಿಂಗ್ ಮಷಿನ್‌ಗಳಲ್ಲಿ ಹಸಿರು ದೀಪವೋ ಸರಿ ಗುರುತೋ ಬರುತ್ತದೆ. ಅದು ಸುಳ್ಳು ಹೇಳಲ್ಲ, ಆದರೆ ಆ ಕ್ಷಣದ ಮಾತು ಮಾತ್ರ ಹೇಳುತ್ತದೆ. ಶುರುವಿನಲ್ಲಿ ಹಸಿರು ಬಂತು, ಕೂಸು ಕತ್ತು ಹೊರಳಿಸಿತು, ಟಿಪ್ ಜಾರಿತು. ಪರೀಕ್ಷೆ ಮಾತ್ರ ನಡೆಯುತ್ತಲೇ ಇದೆ. ದೀಪ ಬಂದ ಕೂಡಲೇ ಕಣ್ಣು ಫೋನ್ ಕಡೆ ಹೋಗುವ ಅಭ್ಯಾಸ ಇದ್ದವರಿಗೆ ಇದು ಗೊತ್ತೇ ಆಗಲ್ಲ.

ನಾನು ಹೆಚ್ಚು ನಂಬುವುದು ಗ್ರಾಫ್. ನಿಮ್ಮ ಮಷಿನ್‌ನಲ್ಲಿ ಇದ್ದರೆ ದಯವಿಟ್ಟು ನೋಡುವುದು ಕಲಿಯಿರಿ. ಓಎಇಯಲ್ಲಿ ಎರಡು ಬಗೆ. ಕ್ಲಿಕ್ ಶಬ್ದ ಹಾಕುವ ಟಿಇಓಎಇಯಲ್ಲಿ ಎರಡು ಚಿತ್ರ ಬರುತ್ತವೆ. ಒಂದರಲ್ಲಿ ಕ್ಲಿಕ್‌ನ ಅಲೆ. ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗಿ ತಟ್ಟನೆ ಸುಮ್ಮನಾಗಬೇಕು. ತಟ್ಟೆ ಬಿದ್ದಾಗ ಠಣ್ ಅಂತ ಎಳೆದ ಹಾಗೆ ಅಲೆ ಅಲೆಯಾಗಿ ಮುಂದುವರಿದರೆ ಟಿಪ್ ಸರಿಯಾಗಿ ಕೂತಿಲ್ಲ. ಇನ್ನೊಂದು ಚಿತ್ರದಲ್ಲಿ ಆ ಕ್ಲಿಕ್‌ನಲ್ಲಿ ಯಾವ ಯಾವ ಫ್ರೀಕ್ವೆನ್ಸಿ ಎಷ್ಟಿದೆ ಅಂತ ಇರುತ್ತದೆ. ಅದು ನಮ್ಮ ಕಡೆ ಹೊಲದ ಹಾಗೆ, ಎಡದಿಂದ ಬಲಕ್ಕೆ ಹೆಚ್ಚುಕಮ್ಮಿ ಮಟ್ಟಸವಾಗಿ ಇರಬೇಕು. ಎಡಗಡೆ ಕುಸಿದು ಮಧ್ಯೆ ಒಂದೇ ಕಡೆ ಗೋಪುರ ಎದ್ದಿದ್ದರೆ ದಪ್ಪ ದನಿ ಸೋರುತ್ತಿದೆ ಅಂತ ತಿಳಿಯಿರಿ.

ಎರಡು ಸ್ವರ ಹಾಕುವ ಡಿಪಿಓಎಇಯಲ್ಲಿ ಸಾಮಾನ್ಯವಾಗಿ 65 ಮತ್ತು 55 ಡೆಸಿಬಲ್ ಕೇಳಿರುತ್ತೇವೆ. ಕಿವಿಯೊಳಗೆ ನಿಜವಾಗಿ ಎಷ್ಟು ಮುಟ್ಟಿತು ಅಂತ ಪಕ್ಕದಲ್ಲಿ ಬರೆದಿರುತ್ತದೆ. ಎರಡು ಮೂರು ಡೆಸಿಬಲ್ ಆಚೀಚೆ ಆದರೆ ನಾನು ತಲೆ ಕೆಡಿಸಿಕೊಳ್ಳಲ್ಲ. 65 ಕೇಳಿದ ಕಡೆ 54 ಬಂದಿದ್ದರೆ ಆ ಫಲಿತಾಂಶ ನೋಡುವುದೇ ಇಲ್ಲ, ಟಿಪ್ ಬದಲಿಸುತ್ತೇನೆ.

ಲೀಕ್ ಬೇರೆ, ಬ್ಲಾಕ್ ಬೇರೆ ಅನ್ನುವುದೂ ಗೊತ್ತಿರಲಿ. ಲೀಕ್ ಅಂದರೆ ಸಂದಿ, ದೊಡ್ಡ ಟಿಪ್ ಹಾಕಿ. ಬ್ಲಾಕ್ ಅಂದರೆ ಬಾಯಿ ಮುಚ್ಚಿದೆ, ತೆಗೆದು ತುದಿ ನೋಡಿ. ಗುಗ್ಗೆ ಅಂಟಿರಬಹುದು. ಕಿವಿಯಿಂದ ತೆಗೆದು ಮಷಿನ್ ಜೊತೆ ಬಂದ ಟೆಸ್ಟ್ ಕ್ಯಾವಿಟಿಯಲ್ಲಿ, ಅಂದರೆ ಕಿವಿಯ ಬದಲು ಪರೀಕ್ಷೆಗೆ ಬಳಸುವ ಸಣ್ಣ ಗುಳಿಯಲ್ಲಿ, ಪ್ರೋಬ್ ಇಟ್ಟು ನೋಡಿ. ಅಲ್ಲೂ ತಕರಾರು ಮಾಡಿದರೆ ತಪ್ಪು ಪ್ರೋಬಿನದು, ಕಿವಿಯದಲ್ಲ. ನಾನು ಬೆಳಿಗ್ಗೆ ಮೊದಲು ನನ್ನ ಕಿವಿಗೇ ಹಾಕಿಕೊಂಡು ನೋಡುತ್ತೇನೆ. ನಿನ್ನೆ ಪಾಸಾದ ಕಿವಿ ಇವತ್ತು ರೆಫರ್ ಅಂದರೆ ಚಹಾ ಆಮೇಲೆ, ಪ್ರೋಬ್ ತೊಳೆಯುವುದು ಮೊದಲು.

ಎಣ್ಣೆ, ಕುಂಚಿಗೆ, ಹುಟ್ಟಿನ ಬೆಣ್ಣೆ

ನಮ್ಮ ಭಾಗದಲ್ಲಿ ಕೂಸಿಗೆ ಎರೆಯುವಾಗ ಕಿವಿಗೆ ಎಣ್ಣೆ ಬಿಡುವುದು ಇನ್ನೂ ಇದೆ. ಕೆಲವು ಮನೆಗಳಲ್ಲಿ ಬಳ್ಳೊಳ್ಳಿ ಹಾಕಿ ಕಾಯಿಸಿದ ಎಣ್ಣೆ. ಇದರಿಂದ ಕಿವಿಗೆ ಲಾಭವಿಲ್ಲ, ಪರೀಕ್ಷೆಗಂತೂ ಪೂರ್ತಿ ನಷ್ಟ. ಎಣ್ಣೆ ರಂಧ್ರದಲ್ಲಿ ನಿಂತರೆ ಶಬ್ದಕ್ಕೆ ಅಡ್ಡ, ಟಿಪ್ಪಿಗೆ ಜಾರುಬಂಡಿ, ಮೈಕಿನೊಳಗೆ ಹೋದರೆ ಪ್ರೋಬೇ ಹಾಳು. ಅಜ್ಜಿಯರನ್ನು ಬೈದು ಉಪಯೋಗ ಇಲ್ಲ. ನಾನು ಹೇಳುವುದು ಇಷ್ಟೇ: "ಆಯಿ, ಮೈಗಿ ಎಷ್ಟ ಬೇಕಾದ್ರ ಹಚ್ಚರಿ, ಕಿವ್ಯಾಗ ಮಾತ್ರ ಬ್ಯಾಡ್ರಿ." ಬಹಳ ಜನ ಕೇಳುತ್ತಾರೆ.

ಕುಂಚಿಗೆ ಕಟ್ಟಿದ್ದರೆ ಬಿಚ್ಚಿಸಿ. ಬಟ್ಟೆಯ ಅಂಚು ವೈರಿಗೆ ಉಜ್ಜಿದರೆ ಆ ಸರಬರ ನೇರ ಮೈಕಿಗೆ ಹೋಗುತ್ತದೆ.

ಹುಟ್ಟಿದ ಮೊದಲ ದಿನ ಕೂಸಿನ ಕಿವಿಯಲ್ಲಿ ಬೆಣ್ಣೆಯಂಥ ಬಿಳಿ ಪದರ ಇರುತ್ತದೆ, ಮೈಮೇಲೆ ಇರುವಂಥದ್ದೇ. ಅದು ದಿನ ಕಳೆದಂತೆ ಹೋಗುತ್ತದೆ. ಹಾಗಾಗಿ 24 ಗಂಟೆ ಒಳಗೆ ಪರೀಕ್ಷೆ ಮಾಡಿದರೆ ಸುಳ್ಳು ರೆಫರ್ ಜಾಸ್ತಿ. ಸಿಸೇರಿಯನ್ ಆದ ಕೂಸಿಗೆ ಇನ್ನೂ ಸ್ವಲ್ಪ ಕಾದರೆ ಒಳ್ಳೆಯದು, ಹೇಗೂ ಅವರು ಆಸ್ಪತ್ರೆಯಲ್ಲಿ ಜಾಸ್ತಿ ದಿನ ಇರುತ್ತಾರೆ. ಮೊದಲ ಸಲ ಹಾಕಿದ ಟಿಪ್ ಹೊರಗೆ ತೆಗೆದಾಗ ತುದಿಯಲ್ಲಿ ಆ ಬಿಳಿ ಮೆತ್ತಿಕೊಂಡು ಬಂದಿರುತ್ತದೆ. ಒರೆಸಿ ಮತ್ತೆ ಹಾಕಿದರೆ ಎಷ್ಟೋ ಸಲ ಅಷ್ಟಕ್ಕೇ ಪಾಸ್ ಬರುತ್ತದೆ. ಕಡ್ಡಿ, ಪಿನ್ನು, ಬಡ್ಸ್ ಹಾಕಿ ತೆಗೆಯಲು ಹೋಗಬೇಡಿ. ಕಿವಿ ಸೋರುತ್ತಿದ್ದರೆ ಟಿಪ್ಪೇ ಹಾಕಬೇಡಿ, ಮೊದಲು ಇಎನ್‌ಟಿ ವೈದ್ಯರು ನೋಡಲಿ.

ಲೀಕೋ, ಕೂಲರೋ?

ಏಪ್ರಿಲ್ ಮೇನಲ್ಲಿ ಕಲಬುರಗಿ 42 ಡಿಗ್ರಿ ದಾಟುತ್ತದೆ. ಕೂಲರ್ ಬಂದ್ ಮಾಡಿದರೆ ಕೂಸು ಏಳುತ್ತದೆ, ಹಚ್ಚಿದರೆ ಮಷಿನ್ ಗದ್ದಲ ಜಾಸ್ತಿ ಅನ್ನುತ್ತದೆ. ನಾನು ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರೊಳಗೆ ಕೂಸುಗಳ ಪಾಳಿ ಮುಗಿಸುತ್ತೇನೆ. ಹಾಲು ಕುಡಿಸಿ, ಕೋಣೆ ತಂಪು ಮಾಡಿ, ನಿದ್ದೆ ಹತ್ತಿದ ಮೇಲೆ ಕೂಲರ್ ಬಂದ್. ಎರಡು ಕಿವಿಗೆ ಐದು ನಿಮಿಷ ಸಾಕು. ಶಹಾಬಾದಿ ಫರಸಿ ಮೇಲೆ ಯಾರಾದರೂ ಸ್ಟೂಲ್ ಎಳೆದರೆ ಮಾತ್ರ ಮುಗೀತು, ಕೂಸೂ ಎದ್ದಿತು, ನಾನೂ ಬೆಚ್ಚಿದೆ. ಸ್ಟೂಲಿನ ಕಾಲಿಗೆ ಹಳೆ ಸೈಕಲ್ ಟ್ಯೂಬ್ ಕಟ್ಟಿಟ್ಟಿದ್ದೇನೆ.

ಗದ್ದಲ ಜಾಸ್ತಿ ಅಂತ ಬಂದಾಗ ಕೋಣೆಯನ್ನೇ ಬೈಯಬೇಡಿ. ನಾವು ಹಾಕಿದ ಶಬ್ದದ ಮಟ್ಟ ನೋಡಿ. ಅದು ಅಲುಗದೆ ನಿಂತಿದ್ದು, ಗದ್ದಲ ಮಾತ್ರ ಏರಿದ್ದರೆ ಕೋಣೆಯದೋ ಕೂಸಿನ ಉಸಿರಿನದೋ ತಪ್ಪು. ಗದ್ದಲ ಏರುತ್ತಾ ನಮ್ಮ ಶಬ್ದ ಇಳಿಯುತ್ತಾ ಹೋದರೆ ಟಿಪ್ ಜಾರಿದೆ. ಬೆರಳಲ್ಲಿ ಪ್ರೋಬ್ ಹಿಡಿದು ಕೂರುವವರಿಗೂ ಇದೇ ಮಾತು. ಬೆರಳಿನ ನಡುಕವೂ ಮೈಕಿಗೆ ಗದ್ದಲವೇ. ವೈರಿನ ಕ್ಲಿಪ್ಪನ್ನು ಕೂಸಿನ ಬಟ್ಟೆಗೆ ಹಾಕಿ, ಎಳೆತ ಬೀಳದ ಹಾಗೆ ಸಡಿಲ ಬಿಟ್ಟು, ಕೈ ತೆಗೆಯಿರಿ. ಸಿಲಿಕಾನ್ ನಿಲ್ಲುತ್ತಲೇ ಇಲ್ಲ ಅಂದರೆ ಹಿಡಿಯುವ ಬದಲು ಟಿಪ್ ಬದಲಿಸಿ.

ದೊಡ್ಡವರ ಕಿವಿಗೆ

ದೊಡ್ಡವರಿಗೆ ಸ್ವರ ಕೇಳಿಸಿ ಎಷ್ಟು ಕೇಳುತ್ತದೆ ಅಂತ ನೋಡುವಾಗ ಆಯ್ಕೆ ಬೇರೆ: ಹೆಡ್‌ಫೋನೋ, ಕಿವಿಯೊಳಗೆ ಇಡುವ ಫೋಮ್ ಇನ್ಸರ್ಟೋ? ವಯಸ್ಸಾದವರಿಗೆ ಹೆಡ್‌ಫೋನ್ ಒತ್ತಿದಾಗ ರಂಧ್ರದ ಬಾಯಿ ಮುಚ್ಚಿಕೊಳ್ಳಬಹುದು. ಆಗ ತೆಳು ದನಿ ಕೇಳಲ್ಲ ಅಂತ ತಪ್ಪಾಗಿ ಬರುತ್ತದೆ. ಇನ್ಸರ್ಟ್‌ನಲ್ಲಿ ಆ ಕಾಟ ಇಲ್ಲ. ಆದರೆ ಅದನ್ನು ಮೇಲ್ಮೇಲೆ ಇಟ್ಟರೆ ತಿರುಗಾಮುರುಗಾ ಆಗುತ್ತದೆ. 250 ಮತ್ತು 500 ಹರ್ಟ್ಸ್‌ನಲ್ಲಿ ಇಲ್ಲದ ಕಿವುಡು ಕಾಣುತ್ತದೆ. ಆಳಂದದ ಒಬ್ಬ ಮುತ್ಯಾರಿಗೆ ಹೀಗೇ ಆಯಿತು. ಮೂಳೆಯ ಮೂಲಕ ಚೆನ್ನಾಗಿ ಕೇಳುತ್ತಿತ್ತು, ಗಾಳಿಯ ಮೂಲಕ ಕಡಿಮೆ, ಅದೂ ದಪ್ಪ ದನಿ ಮಾತ್ರ. ಫೋಮ್ ತೆಗೆದು, ಹೊಸೆದು, ಅಂಚು ಕಿವಿಬಾಯಿಗೆ ಸಮ ಆಗುವಷ್ಟು ಒಳಗಿಟ್ಟು, ಅರ್ಧ ನಿಮಿಷ ಹಿಡಿದೆ. ಆ ಅಂತರ ಮಾಯ.

ಗಾಳಿಯ ಒತ್ತಡ ಹಾಕಿ ಕಿವಿತಮಟೆ ಹೇಗೆ ಅಲುಗುತ್ತದೆ ಅಂತ ನೋಡುವ ಟಿಂಪನೋಮೆಟ್ರಿಗೆ ಫೋಮ್ ನಡೆಯಲ್ಲ. ಅಲ್ಲಿ ಒತ್ತಡ ನಿಲ್ಲಬೇಕು, ಫೋಮ್ ಮೂಲಕ ಅದು ಸೋರುತ್ತದೆ. ರಬ್ಬರ್ ಅಥವಾ ಸಿಲಿಕಾನ್ ಕೊಡೆಯೇ ಬೇಕು, ಸೀಲ್ ಓಎಇಗಿಂತ ಬಿಗಿ ಬೇಕು. ಗ್ರಾಫ್ ಚಪ್ಪಟೆ ಬಂದು, ರಂಧ್ರದ ಗಾತ್ರ ತೀರಾ ಕಡಿಮೆ ತೋರಿಸಿದರೆ ಗುಗ್ಗೆಯೋ ಗೋಡೆಯೋ ಅಡ್ಡ ಇದೆ. ತೀರಾ ಜಾಸ್ತಿ ತೋರಿಸಿದರೆ ಕಿವಿತಮಟೆಯಲ್ಲಿ ತೂತು ಇರಬಹುದು. ಆರು ತಿಂಗಳೊಳಗಿನ ಕೂಸಿಗೆ 226 ಹರ್ಟ್ಸ್ ಸ್ವರ ಬೇಡ, 1000 ಹರ್ಟ್ಸಿನದು ಇಡಿ.

ಎಷ್ಟು ಸಲ ಹಾಕಿ ನೋಡುವುದು?

ಟಿಪ್ ಬದಲಿಸಿ, ತುದಿ ಒರೆಸಿ, ಕೂಸು ಮಲಗಿದ್ದಾಗ, ಒಂದು ಕೂರಿಕೆಯಲ್ಲಿ ಒಂದು ಕಿವಿಗೆ ಎರಡು ಸಲ. ಅಷ್ಟೇ. ಹತ್ತು ಸಲ ಒತ್ತಿದರೆ ಒಂದು ಸಲ ಅದೃಷ್ಟಕ್ಕೆ ಪಾಸ್ ಬರಬಹುದು, ಆದರೆ ಆ ಪಾಸ್ ನಂಬುವಂಥದ್ದಲ್ಲ. ಟಿಪ್ ಸರಿಯಾಗಿ ಕೂತು, ಶಬ್ದ ಸರಿಯಾಗಿ ಮುಟ್ಟಿ, ಆಮೇಲೂ ರೆಫರ್ ಬಂದರೆ ಅದನ್ನು ರೆಫರ್ ಅಂತಲೇ ಒಪ್ಪಿಕೊಳ್ಳಿ. ತೊಗರಿ ರಾಶಿ ಮುಗಿಯಲಿ, ಆಮೇಲೆ ಬರುತ್ತೇವೆ ಅಂತ ಮನೆಯವರು ಅಂದರೆ ಕೂತು ಮಾತಾಡಿ. ಒಂದು ತಿಂಗಳೊಳಗೆ ಸ್ಕ್ರೀನಿಂಗ್, ಮೂರು ತಿಂಗಳೊಳಗೆ ಪೂರ್ತಿ ತಪಾಸಣೆ, ಆರು ತಿಂಗಳೊಳಗೆ ಚಿಕಿತ್ಸೆ ಶುರು, ಇದು ಎಲ್ಲ ಕಡೆ ಒಪ್ಪಿದ ಲೆಕ್ಕ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಮೂರೂ ಜಿಲ್ಲೆಗೆ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಮಕ್ಕಳ ತಪಾಸಣೆಗೆ 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ) ಕಾರ್ಯಕ್ರಮದಲ್ಲಿ ಕಿವಿಯೂ ಸೇರಿದೆ.

ಎನ್‌ಐಸಿಯುನಲ್ಲಿ (ಹಸಿಗೂಸುಗಳ ತೀವ್ರ ನಿಗಾ ಘಟಕ) ಐದು ದಿನಕ್ಕಿಂತ ಜಾಸ್ತಿ ಇದ್ದ ಕೂಸು, ಕಾಮಾಲೆ ತೀರಾ ಏರಿ ರಕ್ತ ಬದಲಿಸಿದ ಕೂಸು, ಇವರಿಗೆ ಓಎಇ ಪಾಸ್ ಬಂದರೂ ಎಬಿಆರ್, ಅಂದರೆ ಕಿವಿಯ ನರದ ತನಕ ನೋಡುವ ಪರೀಕ್ಷೆ, ಬೇಕು. ಓಎಇ ನೋಡುವುದು ಕಾಕ್ಲಿಯಾದ ಕೂದಲು ಕೋಶಗಳನ್ನು ಮಾತ್ರ. ಅಲ್ಲಿಂದ ಮುಂದೆ ನರದಲ್ಲಿ ತೊಂದರೆ ಇದ್ದರೆ ಅದಕ್ಕೆ ಗೊತ್ತಾಗಲ್ಲ. ಇಲ್ಲಿ ಎಂಥ ಟಿಪ್ ಹಾಕಿದರೂ ಉಪಯೋಗ ಇಲ್ಲ.

ಕಳಿಸುವಾಗ ಕೂಸಿನ ಕಾರ್ಡಿನ ಹಿಂಬದಿ ಒಂದು ಸಾಲು ಬರೆಯಿರಿ: ಎಡ 4 ಕೊಡೆ, ಬಲ 5 ಕೊಡೆ, ಕಿವಿಯಲ್ಲಿ ಎಣ್ಣೆ ಇತ್ತು, ಒರೆಸಿದೆ. ಮುಂದೆ ನೋಡುವವರು ಮತ್ತೆ ಡಬ್ಬಿಯಲ್ಲಿ ತಡಕಾಡುವುದು ತಪ್ಪುತ್ತದೆ. ಸುರಪುರದ ಆ ಕೂಸಿನ ಕಾರ್ಡಿನಲ್ಲಿ ನಾನು ಬರೆದಿದ್ದದ್ದು ಬರೀ 'ರೆಫರ್, ರೆಫರ್'.